ಸ್ಟ್ಯಾಂಡರ್ಡ್ ದ್ರಾವಣ, ಸಾಮಾನ್ಯ ದ್ರಾವಣ: ಲ್ಯಾಬ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು ಅಂದರೆ ದಾವಣಗೆರೆಯ ಕೆಮಿಸ್ಟ್ರಿ ಲ್ಯಾಬ್‌ಗಳಲ್ಲಿ ಒಂದೇ ಥರದ ಪ್ರಶ್ನೆಗಳು ಏಳುತ್ತವೆ. ದ್ವಿತೀಯ ಪಿಯು ಮಕ್ಕಳು ಕೇಳುತ್ತಾರೆ. ಜಗಳೂರು, ಹೊನ್ನಾಳಿ, ಚನ್ನಗಿರಿಯಿಂದ ಬಂದು ಬಿಎಸ್ಸಿ ಸೇರಿದವರೂ ಕೇಳುತ್ತಾರೆ. ಡೆಫಿನಿಷನ್ ಎಲ್ಲರಿಗೂ ಬಾಯಿಪಾಠ. ಆದರೆ ಬೀಕರ್ ಕೈಗೆ ಬಂದಾಗ ಯಾವುದನ್ನು ಕಣ್ಣಿಟ್ಟು ಅಳೆಯಬೇಕು, ಯಾವುದನ್ನು ಅಂದಾಜಿಗೆ ಸುರಿದರೂ ನಡೆಯುತ್ತದೆ ಅನ್ನೋದು ತಿಳಿಯುವುದಿಲ್ಲ. ಈ ಉತ್ತರಗಳು ಅವರಿಗಾಗಿ.

ಸ್ಟ್ಯಾಂಡರ್ಡ್ ದ್ರಾವಣ ಅಂದರೆ ಏನು? ಸಾಮಾನ್ಯ ದ್ರಾವಣಕ್ಕೂ ಅದಕ್ಕೂ ಏನು ವ್ಯತ್ಯಾಸ?

ಸಾರತೆ, ಅಂದರೆ ಇಷ್ಟು ದ್ರಾವಣದಲ್ಲಿ ಎಷ್ಟು ವಸ್ತು ಕರಗಿದೆ ಅನ್ನೋದು, ನಿಖರವಾಗಿ ಗೊತ್ತಿರುವ ದ್ರಾವಣವೇ ಸ್ಟ್ಯಾಂಡರ್ಡ್ ದ್ರಾವಣ. ಪುಸ್ತಕಗಳಲ್ಲಿ ಪ್ರಮಾಣಿತ ದ್ರಾವಣ ಅಂತಲೂ ಬರೆಯುತ್ತಾರೆ. ಸಾಮಾನ್ಯ ದ್ರಾವಣದಲ್ಲೂ ಅದೇ ವಸ್ತು, ಅದೇ ನೀರು ಇರಬಹುದು. ಅದರ ಸಾರತೆ ಮಾತ್ರ ನಮಗೆ ಗೊತ್ತಿರುವುದಿಲ್ಲ, ಇಲ್ಲವೇ ಅಂದಾಜಿಗೆ ಮಾತ್ರ ಗೊತ್ತಿರುತ್ತದೆ. ಎರಡೂ ಬಾಟಲಿ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು.

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವುದನ್ನು ನೋಡಿರುತ್ತೀರಿ. ಅಲ್ಲಿನ ತಕ್ಕಡಿಯನ್ನು ತೂಕ-ಅಳತೆ ಇಲಾಖೆಯವರು ಪರೀಕ್ಷೆ ಮಾಡಿ ಸೀಲ್ ಹಾಕಿರುತ್ತಾರೆ. ಅದನ್ನು ನಂಬಿಯೇ ಚೀಲದ ತೂಕ ಬರೆದುಕೊಳ್ಳುತ್ತಾರೆ. ಟೈಟ್ರೇಷನ್‌ನಲ್ಲಿ ಸ್ಟ್ಯಾಂಡರ್ಡ್ ದ್ರಾವಣದ ಕೆಲಸವೂ ಇದೇ. ಟೈಟ್ರೇಷನ್ ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಟ್ಟು, ಕ್ರಿಯೆ ಮುಗಿಯಲು ಎಷ್ಟು ಬೇಕಾಯಿತು ಅಂತ ಅಳೆಯುವುದು. ಗೊತ್ತಿಲ್ಲದ ದ್ರಾವಣವನ್ನು ಅದರ ಎದುರು ಅಳೆಯುತ್ತೇವೆ. ಅದೇ ತಪ್ಪಿದ್ದರೆ ಮುಂದಿನ ರೀಡಿಂಗ್ ಎಷ್ಟು ಚೆನ್ನಾಗಿ ತೆಗೆದರೂ ಉತ್ತರ ತಪ್ಪೇ.

ಹಾಗಾದರೆ ಸ್ಟ್ಯಾಂಡರ್ಡ್ ಅಂದರೆ ಗಟ್ಟಿ ದ್ರಾವಣವಾ?

ಇಲ್ಲ. ಇದು ತುಂಬ ಜನರಿಗಿರುವ ಗೊಂದಲ. 0.001 ಮೋಲಾರ್‌ನಷ್ಟು ತೆಳುವಾದ ದ್ರಾವಣವೂ ಸ್ಟ್ಯಾಂಡರ್ಡ್ ಆಗಬಹುದು. ಮೋಲಾರ್ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ವಸ್ತು ಇದೆ ಅನ್ನುವ ಅಳತೆ. ಲ್ಯಾಬ್‌ನ ಮೂಲೆಯಲ್ಲಿ ಹೊಗೆಯಾಡುವ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ಇರುತ್ತದಲ್ಲ, ಅದು ಸುಮಾರು 11ರಿಂದ 12 ಮೋಲಾರ್ ಇದ್ದರೂ ಸ್ಟ್ಯಾಂಡರ್ಡ್ ಅಲ್ಲ. ಮುಚ್ಚಳ ತೆಗೆದಾಗಲೆಲ್ಲ ಅದರಿಂದ ಅನಿಲ ಹೊರಗೆ ಹೋಗುತ್ತದೆ. ಇವತ್ತಿನ ಸಾರತೆ ಮುಂದಿನ ತಿಂಗಳು ಇರುವುದಿಲ್ಲ. ಸ್ಯಾಚುರೇಟೆಡ್ ದ್ರಾವಣವನ್ನೂ, ಅಂದರೆ ಇನ್ನು ಕರಗದಷ್ಟು ವಸ್ತು ಕರಗಿರುವುದನ್ನೂ, ಇದರ ಜೊತೆ ಸೇರಿಸಬೇಡಿ, ಅದರ ವಿಷಯವೇ ಬೇರೆ.

ಬಾಟಲಿ ಮೇಲೆ 0.1 ಮೋಲಾರ್ ಅಂತ ಚೀಟಿ ಇದೆ. ಅಷ್ಟು ಸಾಕಲ್ವಾ?

ಸಾಕಾಗದು. ಆ 0.1 ಎಲ್ಲಿಂದ ಬಂತು ಅಂತ ಕೇಳಿ. ಒಂದೋ, ಶುದ್ಧ ವಸ್ತುವನ್ನು ನಿಖರವಾಗಿ ತೂಗಿ, ಕುತ್ತಿಗೆಯ ಮೇಲೆ ಅಳತೆಯ ಗುರುತಿರುವ ಸ್ಟ್ಯಾಂಡರ್ಡ್ ಫ್ಲಾಸ್ಕ್‌ನಲ್ಲಿ ಗುರುತಿನವರೆಗೆ ತುಂಬಿರಬೇಕು. ಇಲ್ಲವೇ, ಇನ್ನೊಂದು ಸ್ಟ್ಯಾಂಡರ್ಡ್ ದ್ರಾವಣದ ಎದುರು ಟೈಟ್ರೇಷನ್ ಮಾಡಿ ಕಂಡುಹಿಡಿದಿರಬೇಕು. ಎರಡೂ ಅಲ್ಲದಿದ್ದರೆ ಆ ಚೀಟಿಯನ್ನು 'ಸುಮಾರು 0.1' ಅಂತಲೇ ಓದಿಕೊಳ್ಳಿ.

ನಾನು ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ಸೊನ್ನೆಗಳನ್ನು ಸುಮ್ನೆ ಬರೆಯಬೇಡಿ. 0.1 ಅಂತ ಬರೆಯುವುದಕ್ಕೂ 0.1000 ಅಂತ ಬರೆಯುವುದಕ್ಕೂ ತುಂಬ ವ್ಯತ್ಯಾಸ ಇದೆ. ಎರಡನೆಯದನ್ನು ಬರೆದರೆ ನಾಲ್ಕನೇ ದಶಮಾಂಶದವರೆಗೂ ನೀವು ಹೊಣೆ.

ಸೋಡಿಯಂ ಹೈಡ್ರಾಕ್ಸೈಡ್ ಅನ್ನು 4 ಗ್ರಾಂ ತೂಗಿ 1 ಲೀಟರ್ ಮಾಡಿದರೆ 0.1 ಮೋಲಾರ್ ಆಗುತ್ತದೆ. ಮತ್ತೆ ಟೈಟ್ರೇಷನ್ ಯಾಕೆ?

ಲೆಕ್ಕ ಸರಿ ಇದೆ. ವಸ್ತು ಕೈಕೊಡುತ್ತದೆ. ಮಳೆಗಾಲದ ಒಂದು ದಿನ ನೀವೇ ನೋಡಿ. ಬಾಟಲಿಯಿಂದ ಏಳೆಂಟು ಬಿಳಿ ಗುಳಿಗೆಗಳನ್ನು ವಾಚ್ ಗ್ಲಾಸ್ ಮೇಲೆ ಹಾಕಿ, ತಕ್ಕಡಿಯಲ್ಲಿಟ್ಟು ಅಂಕಿ ಗಮನಿಸಿ. ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಮೆಲ್ಲಗೆ ಏರುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಗುಳಿಗೆಗಳ ಮೈ ಹೊಳೆಯುತ್ತದೆ, ಕೆಳಗೆ ಒದ್ದೆಯಾಗುತ್ತದೆ, ಗಾಜಿಗೆ ಅಂಟಿಕೊಳ್ಳುತ್ತವೆ. ಗಾಳಿಯ ತೇವವನ್ನು ಹೀರಿದ್ದು ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕಾಣದೇ ನಡೆಯುವ ಕೆಲಸ ಇನ್ನೊಂದಿದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಒಂದಿಷ್ಟು ಭಾಗ ಸೋಡಿಯಂ ಕಾರ್ಬೊನೇಟ್ ಆಗಿರುತ್ತದೆ. ನೀವು ತೂಗಿದ 4 ಗ್ರಾಂನಲ್ಲಿ ನಿಜವಾದ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು ಅಂತ ಯಾವ ತಕ್ಕಡಿಯೂ ಹೇಳಲಾರದು.

ಹಾಗಾಗಿ ಇಂಥ ವಸ್ತುವಿನ ದ್ರಾವಣವನ್ನು ಮೊದಲು ಅಂದಾಜಿಗೆ ಮಾಡಿ, ಆಮೇಲೆ ಆಕ್ಸಾಲಿಕ್ ಆಮ್ಲದಂಥ ನಂಬಿಕಸ್ಥ ದ್ರಾವಣದ ಎದುರು ಟೈಟ್ರೇಷನ್ ಮಾಡಿ ಸಾರತೆ ಗೊತ್ತುಮಾಡಿಕೊಳ್ಳುತ್ತೇವೆ. ಇದಕ್ಕೆ ಸ್ಟ್ಯಾಂಡರ್ಡೈಸ್ ಮಾಡುವುದು ಅನ್ನುತ್ತಾರೆ. ಹೀಗೆ ಸಿಕ್ಕಿದ್ದು ಸೆಕೆಂಡರಿ ಸ್ಟ್ಯಾಂಡರ್ಡ್. ನೇರವಾಗಿ ತೂಗಿಯೇ ಸಾರತೆ ನಂಬಬಹುದಾದ ವಸ್ತು ಪ್ರೈಮರಿ ಸ್ಟ್ಯಾಂಡರ್ಡ್.

ಪ್ರೈಮರಿ ಸ್ಟ್ಯಾಂಡರ್ಡ್ ಆಗಲು ಒಂದು ವಸ್ತುವಿಗೆ ಏನೇನು ಗುಣ ಇರಬೇಕು?

ಶುದ್ಧವಾಗಿ ಸಿಗಬೇಕು. ಗಾಳಿಯಲ್ಲಿ ತೇವ ಹೀರಬಾರದು, ಗಾಳಿಯ ಜೊತೆ ಕ್ರಿಯೆ ನಡೆಸಬಾರದು. ನೀರಿನಲ್ಲಿ ಚೆನ್ನಾಗಿ ಕರಗಬೇಕು. ಟೈಟ್ರೇಷನ್‌ನಲ್ಲಿ ಒಂದೇ ರೀತಿಯ ಕ್ರಿಯೆ ಬೇಗ ಮುಗಿಯಬೇಕು. ಇವಿಷ್ಟೂ ಪುಸ್ತಕದಲ್ಲಿದೆ. ಕೊನೆಯ ಗುಣವನ್ನು ಮಾತ್ರ ಮಕ್ಕಳು ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ: ಮೋಲಾರ್ ತೂಕ, ಅಂದರೆ ಒಂದು ಮೋಲ್ ವಸ್ತುವಿನ ತೂಕ, ಜಾಸ್ತಿ ಇದ್ದರೆ ಒಳ್ಳೆಯದು. ಯಾಕೆ?

ಲೆಕ್ಕ ಹಾಕಿ ನೋಡಿ. 0.05 ಮೋಲಾರ್‌ನ 100 ಮಿ.ಲೀ. ದ್ರಾವಣ ಬೇಕು ಅಂದುಕೊಳ್ಳೋಣ. ಆಕ್ಸಾಲಿಕ್ ಆಮ್ಲದ ಮೋಲಾರ್ ತೂಕ 126.07, ಅದಕ್ಕೆ ಬೇಕಾಗುವುದು ಸುಮಾರು 0.630 ಗ್ರಾಂ. ತಕ್ಕಡಿಯಲ್ಲಿ 10 ಮಿಲಿಗ್ರಾಂ ಆಚೀಚೆ ಆದರೆ ತಪ್ಪು 1.6 ಶೇಕಡಾ. ಅದೇ ಮೋರ್ ಲವಣದ (ಕಬ್ಬಿಣ ಇರುವ ಲವಣ, ಫೆರಸ್ ಅಮೋನಿಯಂ ಸಲ್ಫೇಟ್) ಮೋಲಾರ್ ತೂಕ 392.14. ಬೇಕಾಗುವುದು 1.961 ಗ್ರಾಂ. ಅದೇ 10 ಮಿಲಿಗ್ರಾಂ ತಪ್ಪು ಈಗ ಅರ್ಧ ಶೇಕಡಾಕ್ಕೆ ಇಳಿಯಿತು. ತಕ್ಕಡಿ ಅದೇ, ಕೈಯೂ ಅದೇ.

ನಮ್ಮ ಲ್ಯಾಬ್‌ಗಳಲ್ಲಿ ಸಿಗುವವು ಎಂದರೆ ಆಕ್ಸಾಲಿಕ್ ಆಮ್ಲ, ಕಾಯಿಸಿ ಒಣಗಿಸಿದ ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಡೈಕ್ರೋಮೇಟ್, ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್, ಮೋರ್ ಲವಣ. ಆಕ್ಸಾಲಿಕ್ ಆಮ್ಲವನ್ನು ಓವನ್‌ನಲ್ಲಿಟ್ಟು ಒಣಗಿಸಬೇಡಿ. ಅದರ ಹರಳಿನೊಳಗೆ ಎರಡು ನೀರಿನ ಅಣುಗಳಿವೆ, 126.07 ಅನ್ನುವ ಲೆಕ್ಕ ಆ ನೀರನ್ನೂ ಸೇರಿಸಿಯೇ ಬಂದದ್ದು. ನೀರು ಹಾರಿದರೆ ಲೆಕ್ಕವೂ ಕೆಟ್ಟಿತು.

ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಅಷ್ಟು ಚೆನ್ನಾಗಿದೆ, ಒಣಗಿದೆ. ಅದು ಯಾಕೆ ಪ್ರೈಮರಿ ಸ್ಟ್ಯಾಂಡರ್ಡ್ ಅಲ್ಲ?

ಹರಳಿನ ಜೊತೆ ಒಂದಿಷ್ಟು ಮ್ಯಾಂಗನೀಸ್ ಡೈಆಕ್ಸೈಡ್ ಸೇರಿಕೊಂಡೇ ಇರುತ್ತದೆ. ನೀರಿನಲ್ಲಿರುವ ಕಸಕಡ್ಡಿಯ ಜೊತೆಯೂ ಪರ್ಮಾಂಗನೇಟ್ ಕ್ರಿಯೆ ನಡೆಸಿ ಮತ್ತಷ್ಟು ಡೈಆಕ್ಸೈಡ್ ಹುಟ್ಟುತ್ತದೆ. ಬೆಳಕು ಬಿದ್ದರೆ ಇನ್ನೂ ಬೇಗ ಕೆಡುತ್ತದೆ. ಅದಕ್ಕೇ ದ್ರಾವಣವನ್ನು ಕುದಿಸಿ, ಆರಲು ಬಿಟ್ಟು, ಗಾಜಿನ ಉಣ್ಣೆಯಲ್ಲಿ ಸೋಸಿ, ಕಂದು ಬಾಟಲಿಯಲ್ಲಿ ಇಡುತ್ತಾರೆ. ಫಿಲ್ಟರ್ ಪೇಪರ್‌ನಲ್ಲಿ ಸೋಸಬೇಡಿ, ಅದು ಕಾಗದವನ್ನೂ ಬಿಡುವುದಿಲ್ಲ. ದ್ರಾವಣ ಅಳೆದು ಇಳಿಸುವ ಉದ್ದ ಕೊಳವೆಗಳಾದ ಹಳೆಯ ಬ್ಯೂರೆಟ್‌ಗಳ ಒಳಗೆ ಹಿಡಿದ ಕಂದು ಕಲೆ ನೋಡಿದ್ದೀರಲ್ಲ, ಆ ಡೈಆಕ್ಸೈಡೇ ಅದು.

ದ್ವಿತೀಯ ಪಿಯು ಟೈಟ್ರೇಷನ್‌ನಲ್ಲಿ ಇದರ ಸಾರತೆಯನ್ನೇ ನೀವು ಕಂಡುಹಿಡಿಯುವುದು. 0.05 ಮೋಲಾರ್ ಆಕ್ಸಾಲಿಕ್ ಆಮ್ಲ 10 ಮಿ.ಲೀ. ತೆಗೆದುಕೊಂಡಿರಿ, ಬ್ಯೂರೆಟ್‌ನಿಂದ ಪರ್ಮಾಂಗನೇಟ್ 10.4 ಮಿ.ಲೀ. ಇಳಿಯಿತು ಅಂತಿಟ್ಟುಕೊಳ್ಳಿ. 2 ಮೋಲ್ ಪರ್ಮಾಂಗನೇಟ್‌ಗೆ 5 ಮೋಲ್ ಆಕ್ಸಾಲಿಕ್ ಆಮ್ಲ ಬೇಕು. ಹಾಗಾಗಿ 2 × 0.05 × 10 ಅನ್ನು 5 × 10.4ರಿಂದ ಭಾಗಿಸಬೇಕು. ಬರುವುದು 0.0192 ಮೋಲಾರ್. ಈಗ ಈ ಪರ್ಮಾಂಗನೇಟ್ ಕೂಡ ಸ್ಟ್ಯಾಂಡರ್ಡ್ ಆಯಿತು. ಇದನ್ನು ಹಿಡಿದು ಬೇರೆ ಕಬ್ಬಿಣದ ದ್ರಾವಣ ಅಳೆಯಬಹುದು.

ಮೊದಲ ಹನಿಗಳು ಬಿದ್ದಾಗ ಗುಲಾಬಿ ಬಣ್ಣ ಹೋಗುವುದೇ ಇಲ್ಲ ಅಂತ ಗಾಬರಿ ಬೀಳುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಫ್ಲಾಸ್ಕ್ 60ರಿಂದ 70 ಡಿಗ್ರಿ ಬಿಸಿ ಇದೆಯಾ ನೋಡಿ, ಚೆನ್ನಾಗಿ ಅಲ್ಲಾಡಿಸಿ, ತಾಳ್ಮೆಯಿಂದ ಕಾಯಿರಿ. ಒಂದಿಷ್ಟು ಮ್ಯಾಂಗನೀಸ್ ಅಯಾನು ಹುಟ್ಟಿದ ಮೇಲೆ ಅದೇ ಕ್ರಿಯೆಯ ವೇಗ ಹೆಚ್ಚಿಸುತ್ತದೆ. ಆಮೇಲೆ ಹನಿ ಬಿದ್ದ ಕೂಡಲೇ ಬಣ್ಣ ಮಾಯ. ಮೋರ್ ಲವಣವಾದರೆ ಬಿಸಿ ಮಾಡಲೇಬೇಡಿ. ಬಿಸಿಗೆ ಅದರ ಕಬ್ಬಿಣ ಗಾಳಿಯಲ್ಲೇ ಆಕ್ಸಿಡೈಸ್ ಆಗಿಬಿಡುತ್ತದೆ.

ಅದೇ ಟೈಟ್ರೇಷನ್‌ಗೆ ಹಾಕುವ ಡೈಲ್ಯೂಟ್ ಸಲ್ಫ್ಯೂರಿಕ್ ಆಮ್ಲವೂ ಸ್ಟ್ಯಾಂಡರ್ಡ್ ಆಗಿರಬೇಕಾ?

ಬೇಕಾಗಿಲ್ಲ. ಇಡೀ ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲಿ.

ಆಕ್ಸಾಲಿಕ್ ಆಮ್ಲದ ಮೇಲೆ ಗಮನ ಇಡದೆ, ಸಲ್ಫ್ಯೂರಿಕ್ ಆಮ್ಲವನ್ನು ನಿಗದಿತ ಅಳತೆ ಎಳೆದು ಬಿಡುವ ಪಿಪೆಟ್‌ನಲ್ಲಿ ಹನಿ ಹನಿ ಅಳೆದು ಹಾಕುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಶ್ರದ್ಧೆ ಇದೆ, ಆದರೆ ಬೇಡದ ಕಡೆ ಖರ್ಚಾಗುತ್ತಿದೆ. ಯಾವ ಬಾಟಲಿ ಮುಟ್ಟಿದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಅಳತೆ ನನ್ನ ಲೆಕ್ಕಕ್ಕೆ ಬರುತ್ತದಾ? ಮೇಲಿನ ಲೆಕ್ಕವನ್ನೇ ತಿರುಗಿ ನೋಡಿ. ಅದರಲ್ಲಿ ಆಕ್ಸಾಲಿಕ್ ಆಮ್ಲದ ಸಾರತೆ ಇದೆ, ಪಿಪೆಟ್‌ನ 10 ಮಿ.ಲೀ. ಇದೆ, ಬ್ಯೂರೆಟ್‌ನ ರೀಡಿಂಗ್ ಇದೆ. ಸಲ್ಫ್ಯೂರಿಕ್ ಆಮ್ಲ ಎಲ್ಲೂ ಇಲ್ಲ. ಕ್ರಿಯೆಗೆ ಬೇಕಾದಷ್ಟು ಆಮ್ಲ ಒದಗಿಸುವುದಷ್ಟೇ ಅದರ ಕೆಲಸ. ಸುಮಾರು 1 ಮೋಲಾರ್ ಇರುವ ಆಮ್ಲವನ್ನು ಒಂದು ಟೆಸ್ಟ್ ಟ್ಯೂಬ್‌ನಷ್ಟು ಸುರಿದರೆ ಮುಗಿಯಿತು. ಸ್ವಲ್ಪ ಜಾಸ್ತಿಯಾದರೂ ಉತ್ತರ ಕದಲುವುದಿಲ್ಲ.

ಕಡಿಮೆಯಾಗಬಾರದು, ಅಷ್ಟೇ. ಆಮ್ಲ ಸಾಲದಿದ್ದರೆ ಪರ್ಮಾಂಗನೇಟ್ ಪೂರ್ತಿ ದಾರಿ ಹೋಗದೆ ಮ್ಯಾಂಗನೀಸ್ ಡೈಆಕ್ಸೈಡ್ ಹತ್ತಿರವೇ ನಿಲ್ಲುತ್ತದೆ. ಫ್ಲಾಸ್ಕ್ ಒಳಗೆ ಕಂದು ಗಸಿ ಕಂಡರೆ ಆ ರೀಡಿಂಗ್ ಬಿಟ್ಟು ಹೊಸದಾಗಿ ಶುರು ಮಾಡಿ.

ಆಮ್ಲದ ಅಳತೆ ಲೆಕ್ಕಕ್ಕೆ ಬರುವುದಿಲ್ಲ ಅಂದಮಾತ್ರಕ್ಕೆ ಯಾವ ಆಮ್ಲವಾದರೂ ನಡೆಯುತ್ತದೆ ಅಂತಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮಾಂಗನೇಟ್ ಅದರ ಕ್ಲೋರೈಡನ್ನೇ ಆಕ್ಸಿಡೈಸ್ ಮಾಡುತ್ತದೆ, ಬ್ಯೂರೆಟ್ ರೀಡಿಂಗ್ ಸುಮ್ನೆ ಏರುತ್ತದೆ. ನೈಟ್ರಿಕ್ ಆಮ್ಲ ತಾನೇ ಆಕ್ಸಿಡೈಸ್ ಮಾಡುವಂಥದ್ದು. ಅಳತೆಯಲ್ಲಿ ಸಡಿಲ ಇರಬಹುದು, ಆಯ್ಕೆಯಲ್ಲಿ ಇರಬಾರದು.

250 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ ಮಾಡುವುದು ಹೇಗೆ?

ಬೇಕಾದ ತೂಕ 0.05 × 126.07 × 0.25, ಅಂದರೆ 1.576 ಗ್ರಾಂ. ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ ಅಂಕಿ ಓದಿ. ಚಿತ್ರದುರ್ಗದ ಕಡೆ ಗಾಳಿ ಎಷ್ಟು ಅಂತ ಗೊತ್ತಲ್ವಾ, ಆಷಾಢದಲ್ಲಿ ಕಿಟಕಿ ತೆಗೆದಿಟ್ಟು ತೂಗಿದರೆ ಮೂರನೇ ದಶಮಾಂಶ ನಿಲ್ಲುವುದೇ ಇಲ್ಲ. ಫ್ಯಾನ್ ಕೂಡ ಆರಿಸಿ.

ತೂಗಿದ ಹರಳನ್ನು ಆಲಿಕೆಯ ಮೂಲಕ ಸ್ಟ್ಯಾಂಡರ್ಡ್ ಫ್ಲಾಸ್ಕ್‌ಗೆ ಇಳಿಸಿ. ವಾಚ್ ಗ್ಲಾಸ್ ಮೇಲೆ ಪುಡಿ ಉಳಿದಿರುತ್ತದೆ, ಆಲಿಕೆಯ ಒಳಮೈಗೂ ಅಂಟಿರುತ್ತದೆ. ವಾಶ್ ಬಾಟಲಿಯಿಂದ ಎರಡನ್ನೂ ತೊಳೆದು ಆ ನೀರೂ ಫ್ಲಾಸ್ಕ್ ಒಳಗೇ ಹೋಗಬೇಕು. ನೀವು ತೂಗಿದ್ದೆಲ್ಲ ಒಳಗೆ ಬಂದರೆ ಮಾತ್ರ ಆ ತೂಕಕ್ಕೆ ಅರ್ಥ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರು ಹಾಕಿ, ಫ್ಲಾಸ್ಕನ್ನು ಸುತ್ತಿಸಿ ಕರಗಿಸಿ. ಹರಳು ಪೂರ್ತಿ ಕರಗುವ ಮೊದಲೇ ಗುರುತಿನವರೆಗೆ ತುಂಬಬೇಡಿ. ಬಿಸಿ ನೀರು ಬಳಸಿದ್ದರೆ ಕೋಣೆಯ ಬಿಸಿಗೆ ಇಳಿಯುವವರೆಗೆ ಕಾಯಿರಿ.

ಕುತ್ತಿಗೆಯ ಹತ್ತಿರ ಬಂದ ಮೇಲೆ ಡ್ರಾಪರ್ ಹಿಡಿಯಿರಿ. ಗುರುತು ಕಣ್ಣಿನ ಮಟ್ಟಕ್ಕೆ ಬರುವಂತೆ ಬಗ್ಗಿ ನೋಡಿ. ನೀರಿನ ಮೇಲ್ಮೈ ನಡುವೆ ತಗ್ಗಾಗಿ ಕಾಣುತ್ತದೆ, ಆ ತಗ್ಗಿನ ತಳ ಗುರುತನ್ನು ಮುಟ್ಟಬೇಕು. ಬಿರಡೆ ಹಾಕಿ ಹತ್ತು ಹದಿನೈದು ಸಲ ಬುಡಮೇಲು ಮಾಡಿ. ಈ ಕೊನೆಯ ಕೆಲಸವನ್ನು ಬಿಟ್ಟವರ ದ್ರಾವಣದಲ್ಲಿ ಕೆಳಗೆ ಸಾರ ಜಾಸ್ತಿ, ಮೇಲೆ ಬರೀ ನೀರು.

ತೂಕ ಸರಿಯಾಗಿ 1.576 ಬರಲೇಬೇಕು ಅಂತ ಚಿಟಿಕೆ ಹಾಕುತ್ತಾ, ತೆಗೆಯುತ್ತಾ ಕೂರಬೇಡಿ. 1.602 ಬಂತಾ? ಹಾಗೇ ಇರಲಿ. 1.602 ಅನ್ನು 126.07ರಿಂದ ಭಾಗಿಸಿ, ಮತ್ತೆ 0.25ರಿಂದ ಭಾಗಿಸಿ. 0.0508 ಮೋಲಾರ್. ಇದೂ ಅಷ್ಟೇ ಒಳ್ಳೆಯ ಸ್ಟ್ಯಾಂಡರ್ಡ್ ದ್ರಾವಣ.

ಬೀಕರ್ ಮೇಲೂ 250 ಅಂತ ಗೆರೆ ಇದೆಯಲ್ಲ?

ಆ ಗೆರೆ ಅಂದಾಜಿಗೆ. ಬೀಕರ್ ಗೆರೆಗಳಲ್ಲಿ 5 ಶೇಕಡಾ ಆಚೀಚೆ ಇರುವುದು ಮಾಮೂಲು. ಬಾಯಿ ಅಗಲ ಇರುವುದೂ ಒಂದು ಕಾರಣ. ಸುಮಾರು 7 ಸೆಂ.ಮೀ. ಅಗಲದ ಬೀಕರ್‌ನಲ್ಲಿ ನೀರು 1 ಮಿ.ಮೀ. ಏರಿದರೆ ಸುಮಾರು 4 ಮಿ.ಲೀ. ಸೇರಿದಂತೆ. ಸ್ಟ್ಯಾಂಡರ್ಡ್ ಫ್ಲಾಸ್ಕ್‌ನ ಕುತ್ತಿಗೆ ಒಂದೂವರೆ ಸೆಂ.ಮೀ. ಅಗಲ ಇದ್ದರೆ ಅದೇ 1 ಮಿ.ಮೀ.ಗೆ 0.2 ಮಿ.ಲೀ. ಕೂಡ ಆಗದು. ಕುತ್ತಿಗೆ ಅಷ್ಟು ಸಣ್ಣಗೆ, ಉದ್ದಕ್ಕೆ ಇರುವುದು ಇದಕ್ಕೇ. ಸಲ್ಫ್ಯೂರಿಕ್ ಆಮ್ಲ, ಬಫರ್ (ಆಮ್ಲೀಯತೆ ಹೆಚ್ಚು ಬದಲಾಗದಂತೆ ಹಿಡಿದಿಡುವ ದ್ರಾವಣ) ಇಂಥವಕ್ಕೆ ಮೆಷರಿಂಗ್ ಸಿಲಿಂಡರ್ ಸಾಕೋ ಸಾಕು.

ಗುರುತು ದಾಟಿ ನೀರು ಜಾಸ್ತಿ ಬಿತ್ತು. ಪಿಪೆಟ್‌ನಲ್ಲಿ ಸ್ವಲ್ಪ ತೆಗೆದುಬಿಡಲಾ?

ಬೇಡ. ನೀವು ತೆಗೆಯುವುದು ಬರೀ ನೀರನ್ನಲ್ಲ, ಅದರ ಜೊತೆ ವಸ್ತುವೂ ಹೋಗುತ್ತದೆ. ಚೆಲ್ಲಿ, ಹೊಸದಾಗಿ ತೂಗಿ.

ಕೋನಿಕಲ್ ಫ್ಲಾಸ್ಕ್ ಒದ್ದೆ ಇದ್ದರೆ ಪರವಾಗಿಲ್ಲ ಅಂತೀರಿ, ಬ್ಯೂರೆಟ್ ಒದ್ದೆ ಇದ್ದರೆ ಬೈತೀರಿ. ಯಾಕೆ?

ಇದರ ಅಳತೆ ನನ್ನ ಲೆಕ್ಕಕ್ಕೆ ಬರುತ್ತದಾ ಅಂತ ಇಲ್ಲೂ ಅದೇ ಪ್ರಶ್ನೆ ಕೇಳಿಕೊಳ್ಳಿ, ಉತ್ತರ ತಾನಾಗೇ ಬರುತ್ತದೆ. ಬ್ಯೂರೆಟ್ ಒಳಗೆ ನೀರಿನ ಹನಿ ಉಳಿದಿದ್ದರೆ ದ್ರಾವಣ ತೆಳುವಾಗುತ್ತದೆ. ಅಲ್ಲಿಂದ ಇಳಿಯುವ ಪ್ರತಿ ಮಿ.ಲೀ. ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಬ್ಯೂರೆಟ್ ಮತ್ತು ಪಿಪೆಟ್ ಎರಡನ್ನೂ ಮೊದಲು ನೀರಿನಲ್ಲಿ, ಆಮೇಲೆ ತುಂಬಬೇಕಾದ ದ್ರಾವಣದಲ್ಲೇ ತೊಳೆಯಬೇಕು.

ಕೋನಿಕಲ್ ಫ್ಲಾಸ್ಕ್‌ಗೆ ಪಿಪೆಟ್‌ನಿಂದ ಬಿದ್ದ 10 ಮಿ.ಲೀ.ನಲ್ಲಿ ಇಷ್ಟು ಮೋಲ್ ವಸ್ತು ಇದೆ ಅಂತ ಆಗಲೇ ನಿಗದಿಯಾಗಿದೆ. ಅಲ್ಲಿ ನೀರು ಎಷ್ಟಿದ್ದರೂ ಮೋಲ್ ಬದಲಾಗದು. ಗೋಡೆಗೆ ಸಿಡಿದ ಹನಿಯನ್ನು ವಾಶ್ ಬಾಟಲಿಯಿಂದ ಇಳಿಸಬಹುದು, ಇಳಿಸಬೇಕು ಕೂಡ. ಆದರೆ ಕೋನಿಕಲ್ ಫ್ಲಾಸ್ಕನ್ನು ಆಕ್ಸಾಲಿಕ್ ಆಮ್ಲದಲ್ಲಿ ತೊಳೆದರೆ ಮಾತ್ರ ಕೆಟ್ಟಿತು. ಲೆಕ್ಕದಲ್ಲಿಲ್ಲದ ಆಮ್ಲ ಒಳಗೆ ಉಳಿಯುತ್ತದೆ. ಸ್ಟ್ಯಾಂಡರ್ಡ್ ಫ್ಲಾಸ್ಕ್‌ಗೂ ನೀರು ಮಾತ್ರ.

ಪಿಪೆಟ್ ವಿಚಾರ ಬಂದಾಗ ಒಂದು ಮಾತು. ಬಾಯಲ್ಲಿ ಎಳೆಯಬೇಡಿ. ಆಕ್ಸಾಲಿಕ್ ಆಮ್ಲ ವಿಷ. ರಬ್ಬರ್ ಬಲ್ಬ್ ಕೇಳಿ ತೆಗೆದುಕೊಳ್ಳಿ. ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ಬೀಳಿಸಲೂಬೇಡಿ, ಅದನ್ನು ಬಿಟ್ಟೇ ಆ ಪಿಪೆಟ್‌ನ ಅಳತೆ ಗುರುತು ಮಾಡಿರುತ್ತಾರೆ.

ಡಿಸ್ಟಿಲ್ಡ್ ವಾಟರ್ ಮುಗಿದಿದೆ. ಬೋರ್‌ವೆಲ್ ನೀರು ಹಾಕಬಹುದಾ?

ನಮ್ಮ ಜಿಲ್ಲೆಗಳಲ್ಲಂತೂ ಈ ಯೋಚನೆಯೇ ಬೇಡ. ಬೋರ್ ನೀರಿನ ಗಡಸು ಎಷ್ಟು ಅನ್ನೋದಕ್ಕೆ ಮನೆಯ ಬಾತ್‌ರೂಮಿನ ನಲ್ಲಿ ಮೇಲೆ ಕೂತ ಬಿಳಿ ಪೊರೆಯೇ ಸಾಕ್ಷಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರ್‌ಗೆ 200 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ಬಿಡುತ್ತಾರೆ. 500 ಅಂತಲೇ ಹಿಡಿಯಿರಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 0.005 ಮೋಲಾರ್. ನಿಮ್ಮ ಆಕ್ಸಾಲಿಕ್ ಆಮ್ಲವೇ 0.05 ಮೋಲಾರ್. ಹತ್ತರಲ್ಲಿ ಒಂದು ಪಾಲು ಜಗಳ ಆಗಲೇ ಶುರುವಾಯಿತು. ಕ್ಯಾಲ್ಸಿಯಂ ಆಕ್ಸಲೇಟ್ ಬಿಳಿ ಗಸಿಯಾಗಿ ಕೆಳಗೆ ಕೂರುತ್ತದೆ, ಪಿಪೆಟ್‌ಗೆ ಬರುವುದು ಮೇಲಿನ ತಿಳಿ ಮಾತ್ರ. ಸಿಲ್ವರ್ ನೈಟ್ರೇಟ್‌ಗೆ ಈ ನೀರು ಹಾಕಿದರೆ ಕ್ಲೋರೈಡ್‌ನಿಂದಾಗಿ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ.

ಪಾತ್ರೆ ಮೊದಲ ಸಲ ತೊಳೆಯಲು ನಲ್ಲಿ ನೀರು ನಡೆಯುತ್ತದೆ. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರೇ ಬೇಕು. ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ, ಸ್ಟ್ಯಾಂಡರ್ಡ್ ದ್ರಾವಣಕ್ಕೆ ಅದನ್ನು ನಂಬಬೇಡಿ.

ಅಟೆಂಡರ್ ಅಣ್ಣ 'ಎನ್ ಬೈ 10' ಅಂತಾರೆ, ಪುಸ್ತಕದಲ್ಲಿ ಮೋಲಾರ್ ಇದೆ. ಎರಡೂ ಒಂದೇನಾ?

ಯಾವಾಗಲೂ ಅಲ್ಲ. 'ಎನ್ ಬೈ 10' ಅಂದರೆ 0.1 ನಾರ್ಮಲ್. ಒಂದು ಮೋಲ್ ವಸ್ತು ಕ್ರಿಯೆಯಲ್ಲಿ ಎಷ್ಟು ಪಾಲು ಕೆಲಸ ಮಾಡುತ್ತದೆ ಅನ್ನೋದನ್ನೂ ನಾರ್ಮಲ್ ಲೆಕ್ಕಕ್ಕೆ ಹಿಡಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್‌ಗೆ ಎರಡೂ ಒಂದೇ ಅಂಕಿ. ಆಕ್ಸಾಲಿಕ್ ಆಮ್ಲ 0.1 ನಾರ್ಮಲ್ ಅಂದರೆ 0.05 ಮೋಲಾರ್. ಆಮ್ಲೀಯ ಮಾಧ್ಯಮದ ಪರ್ಮಾಂಗನೇಟ್ 0.1 ನಾರ್ಮಲ್ ಅಂದರೆ 0.02 ಮೋಲಾರ್. ಬಾಟಲಿ ಮೇಲೆ ಯಾವ ಅಳತೆ ಬರೆದಿದೆ ಅಂತ ನೋಡದೆ ಲೆಕ್ಕ ಶುರು ಮಾಡಬೇಡಿ.

ಒಮ್ಮೆ ಮಾಡಿದ ಸ್ಟ್ಯಾಂಡರ್ಡ್ ದ್ರಾವಣ ಎಷ್ಟು ದಿನ ಬರುತ್ತದೆ?

ವಸ್ತುವಿನ ಮೇಲೆ ಹೋಗುತ್ತದೆ. ಪೊಟ್ಯಾಸಿಯಂ ಡೈಕ್ರೋಮೇಟ್ ಗಟ್ಟಿಗ, ಮುಚ್ಚಿಟ್ಟರೆ ತುಂಬ ಕಾಲ ಹಾಗೇ ಇರುತ್ತದೆ. ಮೋರ್ ಲವಣವನ್ನು ಅವತ್ತಿನದು ಅವತ್ತೇ ಮಾಡಿ, ಅದೂ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬೆಳೆದು ಅದನ್ನು ಕೆಡಿಸುತ್ತವೆ. ಸೋಡಿಯಂ ಹೈಡ್ರಾಕ್ಸೈಡನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಿ. ಗಾಜಿನ ಬಿರಡೆ ಹಾಕಿದರೆ ಅಂಟಿಕೊಂಡು ಬಿಡಿಸಲು ಬರುವುದಿಲ್ಲ.

ಬಿಸಿಲನ್ನೂ ಮರೆಯಬೇಡಿ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ 37 ಡಿಗ್ರಿ ಮುಟ್ಟುವುದು ಹೊಸದೇನಲ್ಲ. 27 ಡಿಗ್ರಿಯಲ್ಲಿ ಮಾಡಿದ 0.1000 ಮೋಲಾರ್ ದ್ರಾವಣ 37 ಡಿಗ್ರಿಯಲ್ಲಿ ನೀರು ಹಿಗ್ಗಿ ಸುಮಾರು 0.0997 ಆಗುತ್ತದೆ. ಪಿಯು ಪ್ರಯೋಗಕ್ಕೆ ಇದು ದೊಡ್ಡದಲ್ಲ. ನಾಲ್ಕು ದಶಮಾಂಶ ಬರೆಯುವವರಿಗೆ ದೊಡ್ಡದೇ. ಫ್ಲಾಸ್ಕ್ ಮೇಲೆ 20 ಅಥವಾ 27 ಡಿಗ್ರಿ ಅಂತ ಬರೆದಿರುವುದು ಸುಮ್ನೆ ಅಲ್ಲ.

ಕಾಲೇಜು ಬಿಟ್ಟ ಮೇಲೆ ಇದೆಲ್ಲ ಎಲ್ಲಿ ಬೇಕಾಗುತ್ತದೆ?

ಚಳ್ಳಕೆರೆಯ ಎಣ್ಣೆ ಮಿಲ್‌ಗಳಿಂದಲೇ ಶುರು ಮಾಡೋಣ. ಶೇಂಗಾ ಎಣ್ಣೆಯಲ್ಲಿ ಬಿಡಿ ಕೊಬ್ಬಿನ ಆಮ್ಲ ಎಷ್ಟಿದೆ ಅಂತ ನೋಡಲು ಎಣ್ಣೆ ತೂಗಿ, ಆಲ್ಕೋಹಾಲ್‌ನಲ್ಲಿ ಬೆರೆಸಿ, ಫಿನಾಲ್ಫ್ತಲೀನ್ ಹಾಕಿ, ಸ್ಟ್ಯಾಂಡರ್ಡ್ ಕ್ಷಾರದ ಎದುರು ಟೈಟ್ರೇಷನ್ ಮಾಡುತ್ತಾರೆ. 10 ಗ್ರಾಂ ಎಣ್ಣೆಗೆ 0.1 ನಾರ್ಮಲ್ ಕ್ಷಾರ 3.5 ಮಿ.ಲೀ. ಬೇಕಾದರೆ, ಓಲಿಯಿಕ್ ಆಮ್ಲದ ಲೆಕ್ಕದಲ್ಲಿ 28.2 × 3.5 × 0.1 ಅನ್ನು 10ರಿಂದ ಭಾಗಿಸಬೇಕು, 0.99 ಶೇಕಡಾ. ಆಲ್ಕೋಹಾಲ್ ಎಷ್ಟು ಹಾಕಿದಿರಿ ಅನ್ನೋದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದರಲ್ಲೇ ಆಮ್ಲ ಇದ್ದರೆ ಅದು ಎಣ್ಣೆಯ ತಲೆಗೆ ಬೀಳುತ್ತದೆ. ಅದಕ್ಕೇ ಮೊದಲೇ ಅದನ್ನು ತಟಸ್ಥ ಮಾಡಿಕೊಳ್ಳುತ್ತಾರೆ. ಹಾಲಿನ ಹುಳಿ ಅಳೆಯುವುದೂ ಹೀಗೇ, ಕ್ಷಾರದ ಸ್ಟ್ಯಾಂಡರ್ಡ್ ದ್ರಾವಣದಿಂದಲೇ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ನೀರಿನ ಪರೀಕ್ಷೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳು ನಮ್ಮ ಕ್ಲಾಸಿನಲ್ಲೇ ಕೂತಿರುತ್ತಾರೆ. ಫ್ಲೋರೈಡ್‌ಗೆ ಲೀಟರ್‌ಗೆ 1.0 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ದಾರಿ ಇಲ್ಲದಿದ್ದರೆ 1.5. ಇದನ್ನು ಅಳೆಯಲು ಸೋಡಿಯಂ ಫ್ಲೋರೈಡ್‌ನಿಂದ ಸ್ಟ್ಯಾಂಡರ್ಡ್ ಮಾಡುತ್ತಾರೆ. 0.221 ಗ್ರಾಂ ಅನ್ನು 1 ಲೀಟರ್‌ಗೆ ಏರಿಸಿದರೆ ಲೀಟರ್‌ಗೆ 100 ಮಿಲಿಗ್ರಾಂ ಫ್ಲೋರೈಡ್. ಅದನ್ನೇ ತೆಳುಮಾಡಿ ಸಣ್ಣ ಸ್ಟ್ಯಾಂಡರ್ಡ್‌ಗಳನ್ನು ಮಾಡಿ, ಯಂತ್ರಕ್ಕೆ ಅವನ್ನು ತೋರಿಸಿ, ಆಮೇಲೆ ಊರಿನ ನೀರು ಇಡುತ್ತಾರೆ.

ಈಗ ಯಾರೋ ಅವಸರದಲ್ಲಿ 0.221ರ ಬದಲು 0.265 ಗ್ರಾಂ ತೂಗಿದರು, ಚೀಟಿ ಮೇಲೆ ಮಾತ್ರ 100 ಅಂತಲೇ ಬರೆದರು ಅಂದುಕೊಳ್ಳಿ. ನಿಜಕ್ಕೂ ಅದು 120. ಅದರಿಂದ ಮಾಡಿದ ಪ್ರತಿ ಸ್ಟ್ಯಾಂಡರ್ಡ್ ಕೂಡ 1.2 ಪಟ್ಟು ಗಟ್ಟಿ. ಯಂತ್ರ ಆ ಚೀಟಿಯನ್ನೇ ನಂಬುತ್ತದೆ. 1.7 ಇರುವ ನೀರನ್ನು ಇಟ್ಟರೆ 1.7 ಅನ್ನು 1.2ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.4 ತೋರಿಸುತ್ತದೆ. ವರದಿಯಲ್ಲಿ 'ಮಿತಿಯೊಳಗಿದೆ' ಅಂತ ಬರುತ್ತದೆ. ಆ ಬೋರ್‌ವೆಲ್ ನೀರನ್ನೇ ಊರಿನವರು ಕುಡಿಯುತ್ತಾರೆ. ಎಷ್ಟು ಸಲ ಪರೀಕ್ಷೆ ಮಾಡಿದರೂ ಅದೇ 1.4 ಬರುತ್ತದೆ, ಯಾಕೆಂದರೆ ತಪ್ಪಿರುವುದು ಸ್ಟ್ಯಾಂಡರ್ಡ್‌ನಲ್ಲಿ. ಇದಕ್ಕಿರುವ ದಾರಿ ಒಂದೇ: ಬೇರೆಯಾಗಿ, ಹೊಸದಾಗಿ ಮಾಡಿದ ಇನ್ನೊಂದು ಸ್ಟ್ಯಾಂಡರ್ಡ್ ಇಟ್ಟು ತಾಳೆ ನೋಡುವುದು.

ಅದೇ ಪರೀಕ್ಷೆಯಲ್ಲಿ ಎಲೆಕ್ಟ್ರೋಡ್ ಬಳಸುವಾಗ ಒಂದು ಬಫರ್ ಸೇರಿಸುತ್ತಾರೆ. ಅದು ಸಾಮಾನ್ಯ ದ್ರಾವಣ, ಅಂದಾಜಿನ ಸಾರತೆ ಸಾಕು. ಊರಿನ ನೀರಿಗೂ ಸ್ಟ್ಯಾಂಡರ್ಡ್‌ಗೂ ಒಂದೇ ಪ್ರಮಾಣದಲ್ಲಿ ಹಾಕಿದರಾಯಿತು. ಫ್ಲೋರೈಡ್ ದ್ರಾವಣಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಬೇಕು ಅನ್ನೋದನ್ನೂ ಬರೆದುಕೊಳ್ಳಿ.

ಬಾಟಲಿ ಮೇಲೆ ಏನೇನು ಬರೆಯಬೇಕು?

ಸಾಮಾನ್ಯ ದ್ರಾವಣಕ್ಕೆ ಹೆಸರು, 'ಸುಮಾರು' ಅನ್ನುವ ಮಾತಿನ ಜೊತೆ ಸಾರತೆ, ತಾರೀಖು ಸಾಕು. ಸ್ಟ್ಯಾಂಡರ್ಡ್ ದ್ರಾವಣಕ್ಕೆ ಇನ್ನೂ ಬೇಕು. 'ಪೊಟ್ಯಾಸಿಯಂ ಪರ್ಮಾಂಗನೇಟ್, 0.0192 ಮೋಲಾರ್, ಆಕ್ಸಾಲಿಕ್ ಆಮ್ಲದ ಎದುರು ಸ್ಟ್ಯಾಂಡರ್ಡೈಸ್ ಮಾಡಿದ್ದು' ಅಂತ ಬರೆದು, ಮಾಡಿದ ದಿನ ಮತ್ತು ಮಾಡಿದವರ ಹೆಸರು ಹಾಕಿ. ನೀರು ತಾಗಿದರೂ ಅಳಿಸದ ಪೆನ್ನಿನಲ್ಲಿ ಬರೆದು, ಮೇಲೆ ಸೆಲ್ಲೋಟೇಪ್ ಅಂಟಿಸಿ. ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ. ಬಾಟಲಿಯಿಂದ ಒಮ್ಮೆ ಹೊರಗೆ ಬಂದ ದ್ರಾವಣ ಮಿಕ್ಕಿದರೆ ಅದನ್ನು ತಿರುಗಿ ಬಾಟಲಿಗೆ ಸುರಿಯಬೇಡಿ.